ಬಿಡುಗಡೆಯ ಕಥೆ ಮಕ್ಕಳ ಕಿವಿಗೆ

ಗಲಿಲಾಯ ಸರೋವರದ ಪೂರ್ವ ದಂಡೆಯಲ್ಲಿ ಕುರ್ಸಿ ಎಂಬ ಜಾಗವಿದೆ. 1970ರಲ್ಲಿ ರಸ್ತೆ ಕೆಲಸಕ್ಕೆಂದು ನೆಲ ಅಗೆಯುವಾಗ ಅಲ್ಲಿ ಹಳೆಯ ಗೋಡೆಗಳು ಕಂಡವು. ಅಗೆಯುತ್ತ ಹೋದಂತೆ ಬೈಜಾಂಟಿಯನ್ ಕಾಲದ ದೊಡ್ಡ ಕ್ರೈಸ್ತ ಮಠವೊಂದು ಹೊರಬಂತು. ಸುತ್ತ ಪೌಳಿ, ಒಳಗೆ ಚರ್ಚು, ಚರ್ಚಿನ ನೆಲದ ಮೇಲೆ ಬಣ್ಣದ ಕಲ್ಲುಚೂರುಗಳ ಚಿತ್ತಾರ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಯಾತ್ರಿಕರು ಅಲ್ಲಿಗೆ ಬರುತ್ತಿದ್ದುದು ಒಂದು ಕಥೆಯ ನೆನಪಿಗೆ. ಗೋರಿಗಳ ನಡುವೆ ಬದುಕುತ್ತಿದ್ದ ಮನುಷ್ಯನೊಬ್ಬನನ್ನು ಯೇಸು ದೆವ್ವಗಳ ಹಿಡಿತದಿಂದ ಬಿಡಿಸಿದ ಸ್ಥಳ ಅದೇ ಎಂಬುದು ಅವರ ನಂಬಿಕೆಯಾಗಿತ್ತು.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯ ಈ ಕಥೆಯನ್ನು ವಿವರವಾಗಿ ಹೇಳುತ್ತದೆ. ಊರವರು ಆ ಮನುಷ್ಯನನ್ನು ಸರಪಳಿಯಿಂದ ಕಟ್ಟಿದ್ದರು, ಅವನು ಕಿತ್ತು ಹಾಕಿದ್ದ. ಹಗಲೂ ರಾತ್ರಿಯೂ ಕೂಗುತ್ತಿದ್ದ, ಕಲ್ಲಿನಿಂದ ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದ. ಯೇಸು ಅವನ ಹೆಸರು ಕೇಳುತ್ತಾರೆ. ಬಂದ ಉತ್ತರ ರೋಮನ್ ಸೈನ್ಯದ ಒಂದು ದಂಡಿನ ಹೆಸರು, ಸಾವಿರಾರು ಸಿಪಾಯಿಗಳಿರುವ ಪಡೆಯ ಹೆಸರು. ದೆವ್ವಗಳು ಅವನನ್ನು ಬಿಟ್ಟು ಸುಮಾರು ಎರಡು ಸಾವಿರ ಹಂದಿಗಳ ಹಿಂಡನ್ನು ಹೊಗುತ್ತವೆ. ಹಿಂಡು ಕಡಿದಾದ ದಿಬ್ಬದಿಂದ ಧುಮುಕಿ ಸರೋವರದಲ್ಲಿ ಮುಳುಗುತ್ತದೆ.

ಭಾನುವಾರದ ಶಾಲೆಯಲ್ಲಿ, ಅಂದರೆ ನಮ್ಮ ಕಡೆ ಎಲ್ಲರೂ ಸಂಡೇ ಸ್ಕೂಲ್ ಎನ್ನುವ ತರಗತಿಯಲ್ಲಿ, ಈ ಕಥೆ ಹೇಳುವ ಟೀಚರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಪಾಪ, ಹಂದಿಗಳು ಏನು ತಪ್ಪು ಮಾಡಿದ್ದವು? ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ದೇವಶಾಸ್ತ್ರ ಓದಿದವರೂ ಒಂದೇ ಉತ್ತರ ಕೊಟ್ಟಿಲ್ಲ. ಗದರಿ ಸುಮ್ಮನಾಗಿಸುವುದಕ್ಕಿಂತ "ನೀನು ಮೂಕಪ್ರಾಣಿಯ ಬಗ್ಗೆ ಯೋಚಿಸಿದ್ದು ಚೆನ್ನಾಯಿತು" ಎನ್ನುವುದು ಮೇಲು. ಆದರೆ ಕಥೆ ಹಂದಿಗಳ ಹತ್ತಿರ ನಿಂತುಬಿಟ್ಟರೆ ಮುಖ್ಯವಾದದ್ದು ಕೈತಪ್ಪುತ್ತದೆ. ಊರವರು ಓಡಿಬಂದು ನೋಡುವಾಗ ಆ ಮನುಷ್ಯ ಬಟ್ಟೆ ತೊಟ್ಟು, ಸ್ವಸ್ಥ ಬುದ್ಧಿಯಿಂದ ಕುಳಿತಿದ್ದಾನೆ. ಅವನು ಯೇಸುವಿನ ಜೊತೆಗೇ ಬರುತ್ತೇನೆ ಎನ್ನುತ್ತಾನೆ. ಯೇಸು ಒಪ್ಪುವುದಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಎಂದು ಕಳಿಸುತ್ತಾರೆ.

ಮಕ್ಕಳಿಗೆ ಈ ಪಾಠ ಕಲಿಸುವವರು ಮೊದಲು ತೀರ್ಮಾನಿಸಬೇಕಾದ ವಿಷಯ ಒಂದೇ. ತರಗತಿ ಬಿಟ್ಟ ಮೇಲೆ ಮಗು ಯಾರನ್ನು ನೆನೆಯುತ್ತ ಮನೆಗೆ ಹೋಗಬೇಕು? ಹಿಡಿದುಕೊಂಡದ್ದನ್ನೋ, ಬಿಡಿಸಿದವರನ್ನೋ, ಬಿಡುಗಡೆ ಪಡೆದು ಮನೆ ಸೇರಿದವನನ್ನೋ? ಕೊನೆಯ ಇಬ್ಬರು ಮಗುವಿನ ಮನಸ್ಸಿನಲ್ಲಿ ಉಳಿದರೆ ಪಾಠ ಗೆದ್ದಿತು. ಮೊದಲನೆಯದು ಉಳಿದರೆ ಆ ರಾತ್ರಿ ಮಗು ಬಚ್ಚಲಿಗೆ ಒಬ್ಬಂಟಿಯಾಗಿ ಹೋಗಲು ಹೆದರುತ್ತದೆ.

ಕೇಡಿನಿಂದ ಬಿಡುಗಡೆ ಎಂಬುದು ಕ್ರೈಸ್ತ ಧರ್ಮದಲ್ಲಿ ಎಲ್ಲೋ ಮೂಲೆಯಲ್ಲಿರುವ ವಿಷಯವಲ್ಲ. ಯೇಸು ತಮ್ಮ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಕೊನೆಯ ಬೇಡಿಕೆಯೇ ಅದು, ಮಾತು ಬರುತ್ತಿದ್ದ ಹಾಗೆ ಮಕ್ಕಳು ಕಲಿಯುವ ಪ್ರಾರ್ಥನೆಯೂ ಅದೇ. ದೀಕ್ಷಾಸ್ನಾನದ ಹೊತ್ತಿನಲ್ಲಿ ಸೈತಾನನನ್ನು ತ್ಯಜಿಸುವ ಪ್ರಶ್ನೋತ್ತರವಿದೆ. ಕೂಸಿನ ಪರವಾಗಿ ತಂದೆತಾಯಿ, ಜ್ಞಾನಪಿತೃಗಳು ಉತ್ತರ ಹೇಳುತ್ತಾರೆ. ನಾಲ್ಕನೆಯ ಶತಮಾನದ ಜೆರೂಸಲೇಮಿನಲ್ಲಿ ದೀಕ್ಷಾಸ್ನಾನಕ್ಕೆ ಬಂದವರು ಮೊದಲು ಕತ್ತಲೆಯ ದಿಕ್ಕಾದ ಪಶ್ಚಿಮಕ್ಕೆ ಮುಖಮಾಡಿ, ಕೈಚಾಚಿ ಸೈತಾನನನ್ನು ತ್ಯಜಿಸುತ್ತಿದ್ದರು. ಆಮೇಲೆ ಬೆಳಕು ಹುಟ್ಟುವ ಪೂರ್ವಕ್ಕೆ ತಿರುಗುತ್ತಿದ್ದರು. ಸಂತ ಸಿರಿಲನ ಹೆಸರಿನಲ್ಲಿ ಉಳಿದುಬಂದಿರುವ ಉಪದೇಶಗಳಲ್ಲಿ ಇದರ ವಿವರಣೆ ಸಿಗುತ್ತದೆ. ಫರೋಹನ ಕೈಯಿಂದ ಇಸ್ರಾಯೇಲರು ಬಿಡುಗಡೆಯಾದದ್ದನ್ನು ಆ ಉಪದೇಶಕ ಇದರ ಜೊತೆಗೇ ನೆನೆಯುತ್ತಾನೆ. ಮೈ ತಿರುಗಿಸಿ ಕಲಿಯುವ ಈ ಪಾಠ ಇವತ್ತಿನ ಮಕ್ಕಳಿಗೂ ಹಿಡಿಸುತ್ತದೆ. ತರಗತಿಯಲ್ಲಿ ಎಲ್ಲರನ್ನೂ ನಿಲ್ಲಿಸಿ ಒಮ್ಮೆ ಪಡುವಣಕ್ಕೆ, ಒಮ್ಮೆ ಮೂಡಣಕ್ಕೆ ತಿರುಗಿಸಿದರೆ ಅರ್ಧ ಗಂಟೆಯ ಉಪದೇಶ ಉಳಿಯುತ್ತದೆ.

ಮನೆಯಲ್ಲಿ ಮಕ್ಕಳಿಗೆ ಕಲಿಸುವ ವಿಚಾರಕ್ಕೆ ಬಂದರೆ ಮಾರ್ಟಿನ್ ಲೂಥರನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಜರ್ಮನಿಯ ಸ್ಯಾಕ್ಸನಿಯ ಹಳ್ಳಿ ಸಭೆಗಳನ್ನು ಸುತ್ತಿ ನೋಡಿದಾಗ ಜನರಿಗೆ ಧರ್ಮದ ಮೊದಲ ಪಾಠಗಳೂ ಗೊತ್ತಿಲ್ಲವೆಂದು ಅವನಿಗೆ ತಿಳಿಯಿತು. 1529ರಲ್ಲಿ ಅವನು ಸಣ್ಣ ಪ್ರಶ್ನೋತ್ತರ ಪುಸ್ತಕವನ್ನು ಬರೆದ. ಮನೆಯ ಯಜಮಾನ ತನ್ನ ಮಕ್ಕಳಿಗೆ, ಆಳುಮಕ್ಕಳಿಗೆ ಓದಿಸಲಿ ಎಂಬುದು ಉದ್ದೇಶ. ಅದರಲ್ಲಿ ಮಲಗುವ ಹೊತ್ತಿನ ಪುಟ್ಟ ಪ್ರಾರ್ಥನೆಯಿದೆ. ದುಷ್ಟ ವೈರಿಗೆ ತನ್ನ ಮೇಲೆ ಅಧಿಕಾರ ಇರದಿರಲಿ, ದೇವದೂತನು ಜೊತೆಗಿರಲಿ ಎಂಬ ಬೇಡಿಕೆ ಅದರಲ್ಲಿ ಬರುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಲೂಥರ್ ಕೊಡುವ ಸೂಚನೆಯನ್ನು ಗಮನಿಸಬೇಕು: ತಕ್ಷಣ ಮಲಗು, ಹಾಯಾಗಿ ನಿದ್ದೆ ಮಾಡು. ಸೈತಾನನ ಬಗ್ಗೆ ಲೂಥರನಷ್ಟು ಗಟ್ಟಿಯಾಗಿ ಮಾತಾಡಿದವರು ಕಡಿಮೆ. ಅವನೇ ಮಕ್ಕಳಿಗೆ ಹೇಳುವಾಗ ವೈರಿಯ ಹೆಸರನ್ನು ಒಂದೇ ಉಸಿರಿನಲ್ಲಿ ಮುಗಿಸಿ, ನಿದ್ದೆಗೆ ಕಳಿಸಿದ್ದಾನೆ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ರೋಮ್ ನಗರದಲ್ಲಿ 1954ರಿಂದ ಸೋಫಿಯಾ ಕವಲೆಟ್ಟಿ ಎಂಬ ಬೈಬಲ್ ವಿದ್ವಾಂಸೆ, ಜಿಯಾನ್ನಾ ಗೊಬ್ಬಿ ಎಂಬ ಮಾಂಟೆಸ್ಸೊರಿ ಶಿಕ್ಷಕಿಯ ಜೊತೆ ಸೇರಿ ಮಕ್ಕಳ ಧರ್ಮಶಿಕ್ಷಣದಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಮೂರರಿಂದ ಆರು ವರ್ಷದ ಮಕ್ಕಳು ಒಳ್ಳೆಯ ಕುರುಬನ ಸಾಮ್ಯವನ್ನು ಮತ್ತೆ ಮತ್ತೆ ಕೇಳಲು, ಮರದ ಕುರಿಗಳನ್ನು ಇಟ್ಟು ಆಡಲು ಬಯಸುವುದನ್ನು ಅವರು ಕಂಡರು. ಕುರುಬ ಪ್ರತಿಯೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುತ್ತಾನೆ ಎಂಬಲ್ಲಿ ಚಿಕ್ಕ ಮಕ್ಕಳ ಮನಸ್ಸು ನೆಲೆ ನಿಲ್ಲುತ್ತದೆ. ಅದೇ ಸಾಮ್ಯದಲ್ಲಿ ತೋಳ ಬರುತ್ತದೆ, ತೋಳ ಕಂಡೊಡನೆ ಓಡಿಹೋಗುವ ಕೂಲಿಯಾಳೂ ಬರುತ್ತಾನೆ. ಆ ಭಾಗವನ್ನು ಅವರ ಕ್ರಮದಲ್ಲಿ ಆಮೇಲೆ, ಕೊಂಚ ದೊಡ್ಡ ಮಕ್ಕಳಿಗೆ ಹೇಳುತ್ತಾರೆ. ಕಾಯುವವನೊಬ್ಬನಿದ್ದಾನೆ ಎಂಬ ಭರವಸೆ ಬೇರೂರಿದ ಮೇಲೆ ತೋಳದ ಮಾತು. ಈ ಅನುಕ್ರಮವನ್ನು ಮುರಿಯಬಾರದು. ಮೂರು ವರ್ಷದ ಮಗುವಿಗೆ ಸೈತಾನನ ಚಿತ್ರ ತೋರಿಸಿ ಪಾಠ ಶುರುಮಾಡುವುದು ತಪ್ಪು.

ತಪ್ಪು ಎಂಬುದು ಸಣ್ಣ ಮಾತಾಯಿತು. ದೆವ್ವವನ್ನೇ ಮುಂದಿಟ್ಟುಕೊಂಡು ಯೋಚಿಸುವುದರ ಬೆಲೆ ಕೆಲವೊಮ್ಮೆ ಮಗುವಿನ ಜೀವ. 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಫ್ರಿಕಾದ ಐವರಿ ಕೋಸ್ಟಿನಿಂದ ಓದಿಸುವ ಭರವಸೆ ಕೊಟ್ಟು ಸಂಬಂಧಿಕರು ಅವಳನ್ನು ಕರೆತಂದಿದ್ದರು. ತಿಂಗಳುಗಟ್ಟಲೆ ಅವಳಿಗೆ ಹೊಡೆದಿದ್ದರು, ಕಟ್ಟಿಹಾಕಿದ್ದರು, ಹಸಿವಿನಲ್ಲಿ ಇಟ್ಟಿದ್ದರು. ಅವಳ ಮೇಲೆ ದುಷ್ಟಶಕ್ತಿ ಇದೆ ಎಂಬ ಮಾತು ಚರ್ಚಿನ ಆವರಣದಲ್ಲೂ ಬಂದಿತ್ತು. ಮಗುವನ್ನು ಉಳಿಸಬಹುದಾಗಿದ್ದ ಅವಕಾಶಗಳು ಒಂದೊಂದಾಗಿ ಕೈತಪ್ಪಿದ್ದನ್ನು ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಯಲಿಗಿಟ್ಟಿತು. ಬ್ರಿಟನ್ನಿನ ಮಕ್ಕಳ ರಕ್ಷಣೆಯ ಕಾನೂನೇ ಅದರಿಂದ ಬದಲಾಯಿತು. ಮಾಟ, ದೆವ್ವ ಎಂಬ ನಂಬಿಕೆಯ ಹೆಸರಿನಲ್ಲಿ ಮಕ್ಕಳಿಗೆ ಆಗುವ ಹಿಂಸೆಯನ್ನು ತಡೆಯಲೆಂದೇ ಅಲ್ಲಿನ ಸರ್ಕಾರ 2012ರಲ್ಲಿ ಪ್ರತ್ಯೇಕ ಕಾರ್ಯಯೋಜನೆ ಹೊರಡಿಸಬೇಕಾಯಿತು.

ಸುವಾರ್ತೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಯೇಸು ಯಾವ ಮಗುವಿಗೂ ಹೊಡೆದು ದೆವ್ವ ಬಿಡಿಸಿದ್ದು ಸಿಗುವುದಿಲ್ಲ. ಕಟ್ಟಿಹಾಕಿದ್ದು ಸಿಗುವುದಿಲ್ಲ, ಉಪವಾಸ ಕೆಡವಿದ್ದೂ ಸಿಗುವುದಿಲ್ಲ. ಗೋರಿಯ ಮನುಷ್ಯನಿಗೆ ಸರಪಳಿ ಹಾಕಿದವರು ಊರವರು. ಕಥೆಯ ಈ ವಿವರವನ್ನು ಮಕ್ಕಳು ತಾವಾಗಿಯೇ ಹಿಡಿಯುತ್ತಾರೆ. ದೊಡ್ಡವರಿಗೆ ಮಾತ್ರ ನೆನಪಿಸಬೇಕಾಗುತ್ತದೆ.

ಚರ್ಚುಗಳಿಗೂ ಈ ಅಪಾಯದ ಅರಿವಿದೆ. ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯ 1172ನೆಯ ವಿಧಿ ಪ್ರಕಾರ, ಸ್ಥಳೀಯ ಬಿಷಪರ ವಿಶೇಷ ಅನುಮತಿಯಿಲ್ಲದೆ ಯಾರೂ ದೆವ್ವ ಬಿಡಿಸುವ ವಿಧಿಯನ್ನು ನಡೆಸುವಂತಿಲ್ಲ. 1614ರ ನಂತರ ಮೊದಲ ಬಾರಿಗೆ 1999ರಲ್ಲಿ ದೊಡ್ಡ ಮಟ್ಟದಲ್ಲಿ ಪರಿಷ್ಕೃತವಾದ, ದೆವ್ವ ಬಿಡಿಸುವ ವಿಧಿಯ ಪುಸ್ತಕ, ಕಾಯಿಲೆಯನ್ನು, ಅದರಲ್ಲೂ ಮನಸ್ಸಿನ ಕಾಯಿಲೆಯನ್ನು, ದೆವ್ವದ ಹಿಡಿತವೆಂದು ಭಾವಿಸಬಾರದೆಂದು ಎಚ್ಚರಿಸುತ್ತದೆ. ನಮ್ಮ ರಾಜ್ಯದಲ್ಲಿ ಯಾವ ಧರ್ಮದವರೇ ಆಗಲಿ, ದೆವ್ವ ಬಿಡಿಸುವ ನೆಪದಲ್ಲಿ ಒಬ್ಬರನ್ನು ಕಟ್ಟಿಹಾಕಿ ಹೊಡೆದರೆ 2017ರ ವಾಮಾಚಾರ ಪ್ರತಿಬಂಧ ಕಾಯ್ದೆಯಡಿ ಅದು ಅಪರಾಧ. ಆ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

ಮಾರ್ಕನ ಒಂಬತ್ತನೆಯ ಅಧ್ಯಾಯದ ಹುಡುಗನ ಕಥೆಯನ್ನು ಹೇಳುವಾಗ ಇದೆಲ್ಲ ನೆನಪಿರಬೇಕು. ಅವನು ನೆಲಕ್ಕೆ ಬೀಳುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಚ್ಚುತ್ತಾನೆ, ಮೈ ಸೆಟೆದುಕೊಳ್ಳುತ್ತದೆ. ಎಷ್ಟೋ ಸಲ ಬೆಂಕಿಗೆ, ನೀರಿಗೆ ಬಿದ್ದದ್ದೂ ಉಂಟು. ಓದಿದವರಿಗೆ ತಟ್ಟನೆ ಹೊಳೆಯುವುದು ಮೂರ್ಛೆರೋಗ. ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬರಿಗೆ ಅದೇ ಕಾಯಿಲೆ ಇರಬಹುದು. ಟೀಚರ್ ಎಚ್ಚರ ತಪ್ಪಿ ಒಂದು ಮಾತು ಆಡಿದರೆ ಮರುದಿನದಿಂದ ಆ ಮಗುವಿನ ಪಕ್ಕ ಯಾರೂ ಕೂರುವುದಿಲ್ಲ. ಆದ್ದರಿಂದ ಈ ಕಥೆಯ ಜೊತೆಗೇ ಸ್ಪಷ್ಟವಾಗಿ ಹೇಳಿಬಿಡಬೇಕು: ಫಿಟ್ಸ್ ಬರುವುದು ಮೆದುಳಿನ ಕಾಯಿಲೆ, ಅದಕ್ಕೆ ಮಾತ್ರೆಗಳಿವೆ, ಬಹಳ ಜನ ಮಾತ್ರೆಯಿಂದ ಆರಾಮಾಗಿದ್ದಾರೆ. ಗೆಳೆಯನಿಗೆ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಹಿಡಿಸುತ್ತ, ಬಾಯಿಗೆ ಚಮಚ ತುರುಕುತ್ತ ನಿಲ್ಲಬಾರದು. ಮಗ್ಗುಲಾಗಿ ಮಲಗಿಸಬೇಕು, ಸುತ್ತಲಿನ ಗಟ್ಟಿ ಸಾಮಾನು ಸರಿಸಬೇಕು, ದೊಡ್ಡವರನ್ನು ಕರೆಯಬೇಕು. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ಹೀಗೆ ಹೇಳಿದರೆ ದೇವರ ಶಕ್ತಿಗೆ ಏನೂ ಕೊರತೆಯಾಗುವುದಿಲ್ಲ. ಆ ಕಥೆಯಲ್ಲಿ ಮಕ್ಕಳಿಗೆ ಕೊಡಲು ಇನ್ನೂ ಎಷ್ಟೋ ಇದೆ. ಜನ ಹುಡುಗ ಸತ್ತೇಹೋದ ಎನ್ನುವಾಗ ಯೇಸು ಅವನ ಕೈಹಿಡಿದು ಎಬ್ಬಿಸುತ್ತಾರೆ. ತಂದೆ ತನ್ನ ನಂಬಿಕೆ ಸಾಲದೆಂದು ಎಲ್ಲರೆದುರು ಒಪ್ಪಿಕೊಂಡು, ಆ ಕೊರತೆಗೂ ನೀನೇ ನೆರವಾಗು ಎಂದು ಅಂಗಲಾಚುತ್ತಾನೆ. ಪೂರ್ತಿ ನಂಬಿಕೆಯಿಲ್ಲದ ಅಪ್ಪನ ಮಗನಿಗೂ ಬಿಡುಗಡೆ ಸಿಕ್ಕಿತು. ನಂಬಿಕೆ ಸಾಲದ್ದಕ್ಕೇ ನಿನಗೆ ವಾಸಿಯಾಗಲಿಲ್ಲ ಎಂದು ಯಾವ ಮಗುವಿಗೂ ಹೇಳುವ ಹಕ್ಕು ಯಾರಿಗೂ ಇಲ್ಲ ಎಂಬುದಕ್ಕೆ ಈ ಅಪ್ಪನೇ ಸಾಕ್ಷಿ.

ಲೂಕನ ಹದಿಮೂರನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷ ಬೆನ್ನು ಬಾಗಿಯೇ ಇದ್ದ ಹೆಂಗಸು ಬರುತ್ತಾಳೆ. ಚಿಕ್ಕ ಮಕ್ಕಳಿಗೆ ಆ ಕಥೆ ತೀರ ಹೊಂದುತ್ತದೆ. ಎಲ್ಲರನ್ನೂ ಬಾಗಿಸಿ ತರಗತಿಯಲ್ಲಿ ಒಂದು ಸುತ್ತು ನಡೆಸಿದರೆ ಸಾಕು. ಆಕಾಶ ಕಾಣುವುದಿಲ್ಲ, ಎದುರಿನವರ ಮುಖ ಕಾಣುವುದಿಲ್ಲ, ಬರೀ ಪಾದಗಳು. ಆಮೇಲೆ ನೆಟ್ಟಗೆ ನಿಂತಾಗ ಮಕ್ಕಳ ಮುಖದ ಮೇಲೆ ಬರುವ ನಗುವೇ ಪಾಠದ ಅರ್ಧ. ಅವಳನ್ನು ಬಿಡಿಸಿದ್ದು ಸಬ್ಬತ್ ದಿನ ಎಂದು ಸಭಾಮಂದಿರದ ಅಧಿಕಾರಿ ಆಕ್ಷೇಪಿಸುತ್ತಾನೆ. ಸಬ್ಬತ್ತಿನಲ್ಲೂ ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತೀರಲ್ಲ ಎಂದು ಯೇಸು ಮರುಪ್ರಶ್ನೆ ಹಾಕುತ್ತಾರೆ. ದನಕರು ಕಟ್ಟಿ ಬಿಚ್ಚಿ ಬೆಳೆದ ಹಳ್ಳಿಯ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು, ಹನ್ನೆರಡು ದಾಟಿದ ಮಕ್ಕಳಿಗೆ ಇಷ್ಟು ಸಾಲದು. ಅವರಿಗೆ ಫಿಲಿಪ್ಪಿ ಪಟ್ಟಣದ ದಾಸಿಯ ಕಥೆ ಹೇಳಬೇಕು. ಅಪೊಸ್ತಲರ ಕೃತ್ಯಗಳು ಪುಸ್ತಕದ ಹದಿನಾರನೆಯ ಅಧ್ಯಾಯದಲ್ಲಿರುವ ಈ ಹುಡುಗಿ ಇಂಥ ಪಾಠಗಳಲ್ಲಿ ಹೆಚ್ಚಾಗಿ ಕಡೆಗಣನೆಗೆ ಒಳಗಾದವಳು. ಅವಳೊಳಗೆ ಕಣಿ ಹೇಳಿಸುವ ಆತ್ಮವಿತ್ತು. ಅವಳ ಕಣಿಯಿಂದ ಒಡೆಯರಿಗೆ ಒಳ್ಳೆಯ ಸಂಪಾದನೆ. ಒಡೆಯರು ಒಬ್ಬರಲ್ಲ, ಹಲವರು, ಪಾಲುದಾರರು. ಪೌಲನು ಯೇಸುವಿನ ಹೆಸರಿನಲ್ಲಿ ಆ ಆತ್ಮವನ್ನು ಹೊರಡಿಸುತ್ತಾನೆ. ಹುಡುಗಿಗೆ ಬಿಡುಗಡೆಯಾಯಿತೆಂದು ಒಡೆಯರು ಸಂತೋಷಪಟ್ಟರೇ? ಆದಾಯ ನಿಂತಿತೆಂದು ಪೌಲನನ್ನೂ ಸೀಲನನ್ನೂ ಚಾವಡಿಗೆ ಎಳೆದೊಯ್ದರು. ಇಬ್ಬರಿಗೂ ಬೆತ್ತದ ಹೊಡೆತ, ಸೆರೆಮನೆ, ಕಾಲಿಗೆ ಕೋಳ.

ಇಲ್ಲಿ ಕೇಡು ಎರಡು ಕಡೆ ಕುಳಿತಿದೆ. ಹುಡುಗಿಯೊಳಗಿನ ಆತ್ಮ ಒಂದು. ಅವಳ ಸಂಕಟವನ್ನು ಮಾರಿ ದುಡ್ಡು ಎಣಿಸುವ ಒಡೆಯರ ಲೆಕ್ಕ ಇನ್ನೊಂದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳಿದರೆ ಕಥೆ ಅರ್ಧವಾಗುತ್ತದೆ. ಇಟ್ಟಿಗೆ ಗೂಡಿನಲ್ಲಿ ಜೀತಕ್ಕಿರುವ ಹುಡುಗ, ದೂರದ ಊರಿನ ಮನೆಗೆಲಸಕ್ಕೆ ಸಾಗಿಸಿದ ಹುಡುಗಿ ಇವರ ಬಗ್ಗೆ ದೊಡ್ಡ ಮಕ್ಕಳು ಪತ್ರಿಕೆಯಲ್ಲಿ ಓದಿರುತ್ತಾರೆ. ಫಿಲಿಪ್ಪಿಯ ದಾಸಿಯನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ತೋರಿಸಿದರೆ, ದೇವರ ಬಿಡುಗಡೆ ಯಾರ ಜೇಬಿಗೆ ಕೈಹಾಕುತ್ತದೆ ಎಂಬುದೂ ಅವರಿಗೆ ಕಾಣುತ್ತದೆ.

ಬಿಡುಗಡೆಯ ಕಥೆಗೆ ಅಧಿಕಾರದಲ್ಲಿದ್ದವರು ಎಷ್ಟು ಹೆದರಿದ್ದರು ಎಂಬುದಕ್ಕೆ ಒಂದು ಪುಸ್ತಕವೇ ಸಾಕ್ಷಿಯಾಗಿದೆ. 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸ್ ದ್ವೀಪಗಳ ಕಪ್ಪು ಗುಲಾಮರಿಗೆಂದು ಬೈಬಲಿನ ಆಯ್ದ ಭಾಗಗಳ ಪುಸ್ತಕ ಅಚ್ಚಾಯಿತು. ಹಳೆಯ ಒಡಂಬಡಿಕೆಯ ಸುಮಾರು ನೂರಕ್ಕೆ ತೊಂಬತ್ತು ಭಾಗ ಅದರಲ್ಲಿ ಇಲ್ಲ, ಹೊಸ ಒಡಂಬಡಿಕೆಯ ಸುಮಾರು ಅರ್ಧವಿಲ್ಲ. ಯೋಸೇಫ ದಾಸನಾಗಿ ಮಾರಾಟವಾದ ಕಥೆ ಉಂಟು, ಮೋಶೆ ದಾಸರನ್ನು ಐಗುಪ್ತದಿಂದ ಹೊರತಂದ ಕಥೆ ಇಲ್ಲ. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಮಾತನ್ನು ಮಾತ್ರ ಉಳಿಸಿಕೊಂಡಿದ್ದರು. ಇದರ ಪ್ರತಿಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಅಮೆರಿಕದ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದ್ದ ಒಂದು ಪ್ರತಿಯನ್ನು 2018ರಲ್ಲಿ ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು.

ಹಾಗೆ ಕತ್ತರಿಸಿ ಬಿಸಾಡಿದ ಪುಟಗಳಲ್ಲೇ ಮಕ್ಕಳಿಗೆ ಪ್ರಿಯವಾದ ಪಾತ್ರಗಳಿವೆ. ಗಂಡು ಕೂಸುಗಳನ್ನು ಕೊಲ್ಲಿರೆಂಬ ಅರಸನ ಅಪ್ಪಣೆಯನ್ನು ಮೀರಿದ ಇಬ್ಬರು ಸೂಲಗಿತ್ತಿಯರಿದ್ದಾರೆ. ನದಿಯ ಜೊಂಡಿನ ನಡುವೆ ತೇಲುವ ಬುಟ್ಟಿಯಲ್ಲಿರುವ ತಮ್ಮನಿಗೆ ಏನಾಗುವುದೋ ಎಂದು ದೂರದಲ್ಲಿ ನಿಂತು ಕಾಯುವ ಅಕ್ಕ ಇದ್ದಾಳೆ. ದೇವರು ಇಸ್ರಾಯೇಲರನ್ನು ಬಿಡಿಸಿದ ಕೆಲಸ ಸಮುದ್ರ ಇಬ್ಭಾಗವಾಗುವುದಕ್ಕೆ ಎಷ್ಟೋ ಮೊದಲೇ ಈ ಹೆಂಗಸರ ಕೈಯಲ್ಲಿ, ಈ ಹುಡುಗಿಯ ಕಾವಲಿನಲ್ಲಿ ಶುರುವಾಗಿತ್ತು.

ಗುಲಾಮರ ಮೊಮ್ಮಕ್ಕಳ, ಮರಿಮಕ್ಕಳ ಮನೆಗಳಲ್ಲಿ ಈ ಕಥೆ ಸಾಯಲಿಲ್ಲ. 1960ರ ನವೆಂಬರ್ 14ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಆರು ವರ್ಷದ ರೂಬಿ ಬ್ರಿಜಸ್ ಅದುವರೆಗೆ ಬಿಳಿಯ ಮಕ್ಕಳಿಗೇ ಮೀಸಲಾಗಿದ್ದ ವಿಲಿಯಂ ಫ್ರಾಂಟ್ಸ್ ಶಾಲೆಗೆ ಕಾಲಿಟ್ಟಳು. ಫೆಡರಲ್ ಸರ್ಕಾರದ ಮಾರ್ಷಲ್‌ಗಳ ಕಾವಲಿತ್ತು. ಬೀದಿಯಲ್ಲಿ ನಿಂತ ಗುಂಪು ದಿನವೂ ಅವಳನ್ನು ಬಯ್ಯುತ್ತಿತ್ತು, ಕೊಲ್ಲುವುದಾಗಿ ಬೆದರಿಸುತ್ತಿತ್ತು. ಬಿಳಿಯ ತಂದೆತಾಯಿಗಳು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿಯೊಬ್ಬರೇ ಖಾಲಿ ತರಗತಿಯಲ್ಲಿ ಒಬ್ಬಳೇ ಹುಡುಗಿಗೆ ವರ್ಷವೆಲ್ಲ ಪಾಠ ಹೇಳಿದರು.

ಒಂದು ಬೆಳಿಗ್ಗೆ ರೂಬಿ ಗುಂಪಿನ ಎದುರು ತಟ್ಟನೆ ನಿಂತಳು, ತುಟಿಗಳು ಆಡುತ್ತಿದ್ದವು. ಶಿಕ್ಷಕಿ ಕಿಟಕಿಯಿಂದ ನೋಡಿದರು, ಹುಡುಗಿ ಗುಂಪಿನವರ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡರು. ಒಳಗೆ ಬಂದ ಮೇಲೆ ಕೇಳಿದಾಗ ರೂಬಿ ಹೇಳಿದ್ದು, ತಾನು ಅವರಿಗಾಗಿ ಪ್ರಾರ್ಥಿಸುತ್ತಿದ್ದೆ ಎಂದು. ದಿನವೂ ಶಾಲೆಗೆ ಬರುವ ದಾರಿಯಲ್ಲಿ ಮಾಡುವ ಪ್ರಾರ್ಥನೆ ಅಂದು ಮರೆತುಹೋಗಿತ್ತು, ಅದಕ್ಕೇ ಅಲ್ಲಿ ನಿಂತಿದ್ದಳು. ಆ ದಿನಗಳಲ್ಲಿ ಅವಳನ್ನು ಭೇಟಿಯಾಗುತ್ತಿದ್ದ ಮಕ್ಕಳ ಮನೋವೈದ್ಯ ರಾಬರ್ಟ್ ಕೋಲ್ಸ್ ಈ ಸಂಗತಿಯನ್ನು ಬರೆದಿಟ್ಟಿದ್ದಾರೆ. ಕೋಲ್ಸ್ ಅವರಿಗೆ ಮೊದಮೊದಲು ಇದು ಒಗಟಾಗಿತ್ತು. ಇಷ್ಟು ಒತ್ತಡದಲ್ಲಿರುವ ಮಗುವಿಗೆ ನಿದ್ದೆ ಬರಬಾರದು, ಊಟ ಸೇರಬಾರದು ಎಂದು ಅವರ ಓದು ಹೇಳುತ್ತಿತ್ತು. ರೂಬಿಯ ಬಲ ಅವಳ ಮನೆಯಲ್ಲಿ, ಚರ್ಚಿನಲ್ಲಿ ಕಲಿತ ಮಾತುಗಳಲ್ಲಿದೆ ಎಂಬುದು ಅವರಿಗೆ ಬರಬರುತ್ತ ತಿಳಿಯಿತು. ಶಿಲುಬೆಯ ಮೇಲೆ ಯೇಸು ತಮ್ಮನ್ನು ಕೊಲ್ಲುತ್ತಿದ್ದವರಿಗಾಗಿ ಕ್ಷಮೆ ಬೇಡಿದ್ದನ್ನು ಆ ಮಗು ಕೇಳಿತ್ತು, ಕೇಳಿದ್ದನ್ನು ಬೀದಿಯಲ್ಲಿ ನಿಂತು ಮಾಡಿತು. ಕೇಡಿನಿಂದ ಬಿಡುಗಡೆ ಎಂದರೇನೆಂದು ಮಕ್ಕಳು ಕೇಳಿದರೆ ರೂಬಿಯ ಕಥೆ ಹೇಳಬಹುದು. ಗುಂಪು ಮರುದಿನವೂ ಬಂದಿತ್ತು. ಆದರೆ ಅವರ ದ್ವೇಷ ಆ ಹುಡುಗಿಯೊಳಗೆ ಇಳಿಯಲಿಲ್ಲ.

ದೇವರ ಹೆಸರನ್ನು ಮಂತ್ರದಂತೆ ಉದುರಿಸಿದರೆ ಸಾಕು ಎಂಬ ಕಲ್ಪನೆ ಮಕ್ಕಳಲ್ಲಿ ಬೇಗ ಹುಟ್ಟುತ್ತದೆ. ಅದನ್ನು ತಿದ್ದಲು ಎಫೆಸ ಪಟ್ಟಣದ ಸ್ಕೇವನ ಏಳು ಮಕ್ಕಳ ಕಥೆಯಿದೆ. ಪೌಲನು ಮಾಡುವುದನ್ನು ನೋಡಿ ಅವರೂ ಯೇಸುವಿನ ಹೆಸರು ಹೇಳಿ ದೆವ್ವ ಬಿಡಿಸಲು ಹೋದರು. ಯೇಸು ಗೊತ್ತು, ಪೌಲ ಗೊತ್ತು, ನೀವು ಯಾರು ಎಂದು ದೆವ್ವವೇ ಕೇಳಿತು. ಏಳೂ ಜನ ಪೆಟ್ಟು ತಿಂದು, ಮೈಮೇಲೆ ಬಟ್ಟೆಯಿಲ್ಲದೆ ಓಡಿದರು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಗಲಿ. ನಕ್ಕು ಮುಗಿದ ಮೇಲೆ ಲೂಕನ ಹತ್ತನೆಯ ಅಧ್ಯಾಯಕ್ಕೆ ಕರೆದೊಯ್ಯಬೇಕು. ದೆವ್ವಗಳೂ ನಮಗೆ ಅಧೀನವಾಗುತ್ತವೆ ಎಂದು ಹಿಗ್ಗುತ್ತ ಬಂದ ಶಿಷ್ಯರಿಗೆ ಯೇಸು, ಅದಕ್ಕೆ ಹಿಗ್ಗಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಎಂಬುದಕ್ಕೆ ಹಿಗ್ಗಿರಿ ಎಂದು ಹೇಳುವುದು ಅಲ್ಲಿದೆ.

ಪಾಠೋಪಕರಣಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಕ್ಷರವಿಲ್ಲದ ಬಣ್ಣದ ಪುಸ್ತಕವೊಂದು ಜಗತ್ತಿನ ಸಂಡೇ ಸ್ಕೂಲುಗಳಲ್ಲೆಲ್ಲ ಬಳಕೆಯಲ್ಲಿದೆ. ಅದರ ಮೂಲ ಲಂಡನ್ನಿನ ಬೋಧಕ ಚಾರ್ಲ್ಸ್ ಸ್ಪರ್ಜನ್ 1866ರಲ್ಲಿ ಮಾಡಿದ ಒಂದು ಉಪದೇಶ. ಅವನ ಪುಸ್ತಕದಲ್ಲಿ ಇದ್ದದ್ದು ಮೂರೇ ಪುಟ: ಪಾಪಕ್ಕೆ ಕಪ್ಪು, ಕ್ರಿಸ್ತನ ರಕ್ತಕ್ಕೆ ಕೆಂಪು, ಶುದ್ಧಿಗೆ ಬಿಳಿ. ಬಂಗಾರದ ಬಣ್ಣ, ಹಸಿರು ಆಮೇಲೆ ಸೇರಿದವು. ಓದು ಬಾರದವರಿಗೂ ತಲುಪುವ ಜಾಣ ಉಪಾಯ ಅದು, ನಿಜ. ಆದರೆ ಫೇರ್ ಅಂಡ್ ಲವ್ಲಿ ಟ್ಯೂಬುಗಳು ದಶಕಗಳ ಕಾಲ ಮಾರಾಟವಾದ ದೇಶದಲ್ಲಿ, ಕರಿ ಎಂದು ಕರೆಸಿಕೊಂಡು ಕಣ್ಣೀರಿಟ್ಟ ಹುಡುಗಿಯರ ಮುಂದೆ ಕಪ್ಪು ಎಂದರೆ ಪಾಪ, ಬಿಳಿ ಎಂದರೆ ಶುದ್ಧಿ ಎಂದು ಪುಟ ತಿರುವುವುದು ಸರಿಯಲ್ಲ. ಕಪ್ಪು ಪುಟದ ಬದಲು ಮಸಿ ಮೆತ್ತಿದ ಪುಟ, ಹರಿದ ಪುಟ, ಮುದುಡಿದ ಪುಟ ಯಾವುದೂ ಆಗಬಹುದು.

ಅದರಷ್ಟೇ ಜಾಗ್ರತೆ ಬೇಕಾದ ಇನ್ನೊಂದು ಕಡೆಯಿದೆ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ವಿದ್ವಾಂಸ ಎ.ಸಿ. ಬರ್ನೆಲ್ ಅವರ ಹೆಸರಿನಲ್ಲಿ 1894ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ತುಳುನಾಡಿನ ಭೂತಾರಾಧನೆಯ ಬಗ್ಗೆ ಲೇಖನಮಾಲೆ ಬಂತು. ತುಳುವರ ಪಾಡ್ದನಗಳೆಂಬ ಹಾಡುಗಥೆಗಳನ್ನು ಅಷ್ಟು ಶ್ರದ್ಧೆಯಿಂದ ದಾಖಲಿಸಿದ ಆ ಮಾಲೆಗೆ ಇಟ್ಟ ಹೆಸರು ಮಾತ್ರ ತುಳುವರ ಸೈತಾನ ಪೂಜೆ ಎಂಬ ಅರ್ಥದ್ದು. ಆ ಕಾಲದ ಯುರೋಪಿಯನ್ನರ ಕಣ್ಣಿಗೆ ಹಾಗೆ ಕಂಡಿತು. ಈಗ ಬಂಟ್ವಾಳದಲ್ಲೋ ಕಾರ್ಕಳದಲ್ಲೋ ಕ್ರೈಸ್ತ ಹುಡುಗ ಕುಳಿತುಕೊಳ್ಳುವ ಶಾಲೆಯ ಬೆಂಚಿನಲ್ಲಿ ಪಕ್ಕದವನ ಮನೆಯಲ್ಲಿ ದೈವದ ಚಾವಡಿ ಇರುತ್ತದೆ. ನಿನ್ನ ಗೆಳೆಯನ ಮನೆಯಲ್ಲಿರುವುದು ದೆವ್ವ ಎಂದು ಹುಡುಗನ ತಲೆಗೆ ತುಂಬಿದರೆ ಅವನಿಗೆ ಬಿಡುಗಡೆಯನ್ನು ಕಲಿಸಿದಂತಾಗಲಿಲ್ಲ. ಗೆಳೆಯನನ್ನು ಕಳೆದುಕೊಳ್ಳುವುದನ್ನು ಕಲಿಸಿದಂತಾಯಿತು. ಕೇಡು ನೆರೆಮನೆಯಲ್ಲಿದೆ ಎಂದು ಬೆರಳು ತೋರಿಸುವ ಪಾಠ ಸುವಾರ್ತೆಯಲ್ಲಿಲ್ಲ. ಕೆಟ್ಟ ಯೋಚನೆಗಳು ಹೊರಡುವುದು ಮನುಷ್ಯನ ಹೃದಯದಿಂದಲೇ ಎಂದು ಯೇಸು ಮಾರ್ಕನ ಏಳನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ರಾಬರ್ಟ್ ರೇಕ್ಸ್ 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಭಾನುವಾರದ ಶಾಲೆ ತೆರೆದದ್ದು ವಾರದ ಆರು ದಿನ ದುಡಿದು ಬೀದಿಯಲ್ಲಿ ಬೆಳೆಯುತ್ತಿದ್ದ ಬಡ ಮಕ್ಕಳಿಗಾಗಿ. ಅಲ್ಲಿ ಮಕ್ಕಳು ಮೊದಲು ಕಲಿತದ್ದು ಅಕ್ಷರ. ಅಕ್ಷರ ಕಲಿಸುವುದೂ ಬಿಡುಗಡೆಯ ಭಾಗವೇ. ಇವತ್ತು ನಮ್ಮ ಸಂಡೇ ಸ್ಕೂಲುಗಳಲ್ಲಿ, ಮಂಗಳೂರು ಕಡೆಯ ಕಥೋಲಿಕರ ದೊತೊರ್ನ್ ಎಂಬ ಧರ್ಮೋಪದೇಶದ ತರಗತಿಗಳಲ್ಲಿ, ಏಪ್ರಿಲ್‌ ಮೇ ರಜೆಯಲ್ಲಿ ನಡೆಯುವ ವಿ.ಬಿ.ಎಸ್. ಎಂಬ ಬೈಬಲ್ ಶಿಬಿರಗಳಲ್ಲಿ ಹಾಡು, ಅಭಿನಯ, ಕಂಠಪಾಠ, ಬಹುಮಾನ ಎಲ್ಲವೂ ಇವೆ. ಇವುಗಳ ಜೊತೆಗೆ ಬೇಕಾದದ್ದು ಕೇಳಿಸಿಕೊಳ್ಳುವ ಕಿವಿ.

ಏಕೆಂದರೆ ಕೇಡಿನಿಂದ ಬಿಡಿಸು ಎಂದು ಕೈಮುಗಿಯುವ ಮಗುವಿನ ಮನಸ್ಸಿನಲ್ಲಿ ಆ ಕೇಡಿಗೆ ಒಂದು ಮುಖ ಇರಬಹುದು. ಕುಡಿದು ಬಂದು ಅಮ್ಮನಿಗೆ ಹೊಡೆಯುವ ಅಪ್ಪನ ಮುಖ ಇರಬಹುದು. ಮೈಮುಟ್ಟಿ ಯಾರಿಗೂ ಹೇಳಬೇಡ ಎಂದ ನೆಂಟನ ಮುಖ ಇರಬಹುದು. ಚರ್ಚಿನಲ್ಲೇ ಓಡಾಡುವ ಗೌರವಸ್ಥನ ಮುಖವೂ ಇರಬಹುದು. ತರಗತಿ ಮುಗಿದ ಮೇಲೆ ಒಂದು ಮಗು ಬ್ಯಾಗ್ ಹಿಡಿದು ಹಾಗೇ ನಿಂತಿದ್ದರೆ ಟೀಚರ್ ಕುಳಿತು ಕೇಳಬೇಕು. ಅಡ್ಡ ಮಾತಿಲ್ಲದೆ ಕೇಳಬೇಕು, ನೀನು ಸುಳ್ಳು ಹೇಳುತ್ತಿದ್ದೀಯ ಎನ್ನಬಾರದು, ತಪ್ಪು ನಿನ್ನದಲ್ಲ ಎಂದು ಮೊದಲೇ ಹೇಳಬೇಕು. ಪ್ರಾರ್ಥನೆ ಮಾಡೋಣ, ಎಲ್ಲ ಸರಿಹೋಗುತ್ತದೆ ಎಂದಷ್ಟೇ ಹೇಳಿ ಮನೆಗೆ ಕಳಿಸಬಾರದು. ಪ್ರಾರ್ಥನೆ ಮಾಡಲಿ, ಮಾಡಿ ಎದ್ದು ಫೋನ್ ಕೈಗೆತ್ತಿಕೊಳ್ಳಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಅಯ್ಯನವರಿಗಾಗಲಿ ಫಾದರಿಗಾಗಲಿ ಸಿಸ್ಟರಿಗಾಗಲಿ ಅದರಿಂದ ವಿನಾಯಿತಿ ಇಲ್ಲ, ಮುಚ್ಚಿಟ್ಟರೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಮಗುವೇ ಕರೆ ಮಾಡಬಹುದು, ದುಡ್ಡು ಬೇಕಿಲ್ಲ. ಪ್ರತಿ ಸಂಡೇ ಸ್ಕೂಲಿನ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಈ ನಾಲ್ಕು ಅಂಕಿಗಳನ್ನು ದೊಡ್ಡದಾಗಿ ಬರೆದು ಹಚ್ಚಿ.